ಲಿಜಾವೆತಾಳನ್ನು ಮರೆತ ಓದುಗರು



1866ರ ಜನವರಿಯಿಂದ ಡಿಸೆಂಬರ್‌ವರೆಗೆ ರಷ್ಯಾದ ‘ರೂಸ್ಕಿ ವೆಸ್ತ್ನಿಕ್’ ಎಂಬ ಪತ್ರಿಕೆಯಲ್ಲಿ ಒಂದು ಕಾದಂಬರಿ ಧಾರಾವಾಹಿಯಾಗಿ ಬಂತು. ಬರೆದವನು ಫ್ಯೋದೊರ್ ದಾಸ್ತೊಯೆವ್‌ಸ್ಕಿ. ನಾವು ಕನ್ನಡದಲ್ಲಿ ‘ಅಪರಾಧ ಮತ್ತು ಶಿಕ್ಷೆ’ ಎಂದು ಕರೆಯುವ ಕಾದಂಬರಿ ಅದು. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ ಮೊದಲ ಭಾಗಗಳೂ ಆ ವರ್ಷ ಅದೇ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಆದರೂ ಆ ವರ್ಷ ಓದುವ ಜನರ ಬಾಯಲ್ಲಿದ್ದದ್ದು ಕೊಡಲಿ ಹಿಡಿದ ವಿದ್ಯಾರ್ಥಿಯ ಕಥೆಯೇ. ವಿಮರ್ಶಕ ನಿಕೊಲಾಯ್ ಸ್ತ್ರಾಖೊವ್ ಮುಂದೆ ಆ ದಿನಗಳನ್ನು ನೆನೆದು ಬರೆದಿದ್ದಾನೆ: ಗಟ್ಟಿ ನರಗಳಿದ್ದವರು ಓದಿ ಕಾಯಿಲೆ ಬೀಳುವ ಹಾಗಾಗುತ್ತಿದ್ದರಂತೆ, ಮೆತ್ತಗಿನವರು ಅರ್ಧಕ್ಕೇ ಕೈಬಿಡುತ್ತಿದ್ದರಂತೆ.

ಮೊದಲ ಕಂತು ಓದುಗರ ಕೈ ಸೇರುವ ಮುಂಚೆಯೇ ಒಂದು ಘಟನೆ ನಡೆದುಹೋಗಿತ್ತು. ಜನವರಿ 12ರಂದು ಮಾಸ್ಕೋದಲ್ಲಿ ದನಿಲೊವ್ ಎಂಬ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೇವಾದೇವಿಗಾರನೊಬ್ಬನನ್ನೂ ಅವನ ಮನೆಗೆಲಸದ ಹೆಂಗಸನ್ನೂ ಕೊಂದಿದ್ದ. ಕಾದಂಬರಿಯ ಆ ಭಾಗ ಆ ಹೊತ್ತಿಗಾಗಲೇ ಪತ್ರಿಕೆಯ ಕೈಯಲ್ಲಿತ್ತು. ಲೇಖಕ ಊಹಿಸಿ ಬರೆದದ್ದು ವೃತ್ತಪತ್ರಿಕೆಯ ಸುದ್ದಿಯಾಗಿ ಬಂದಾಗ ಜನ ಬೆಚ್ಚಿಬಿದ್ದರು. ದಾಸ್ತೊಯೆವ್‌ಸ್ಕಿಗೆ ಇದು ಹೆಮ್ಮೆಯ ವಿಷಯವಾಗಿತ್ತು. ತನ್ನ ಕಾಲದ ಹುಡುಗರ ತಲೆಯಲ್ಲಿ ಏನು ಓಡುತ್ತಿದೆ ಎಂಬುದನ್ನು ತಾನು ಸರಿಯಾಗಿಯೇ ಹಿಡಿದಿದ್ದೇನೆ ಎಂಬ ಹೆಮ್ಮೆ ಅದು.

ಈ ಕಾದಂಬರಿಯನ್ನು ಯಾರು ಯಾರು ಹೇಗೆ ಹೇಗೆ ಓದಿದರು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ. ನೂರೈವತ್ತು ವರ್ಷ ದಾಟಿದರೂ ಇದರ ಬಗ್ಗೆ ಜಗಳ ನಿಂತಿಲ್ಲ. ಆ ಜಗಳದಲ್ಲಿ ಎಲ್ಲ ಕಡೆಯವರೂ ಸೇರಿ ಒಬ್ಬಳನ್ನು ಮರೆತಿದ್ದಾರೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಅವಳ ಪರವಾಗಿ ನಾಲ್ಕು ಮಾತು ಆಡಬೇಕು ಅಂತಲೇ ಈ ಮೈಕಿನ ಮುಂದೆ ಕೂತಿದ್ದೇನೆ.

ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್, ಜುಲೈ ತಿಂಗಳ ಧಗೆ. ಶುಲ್ಕ ಕಟ್ಟಲಾಗದೆ ವಿಶ್ವವಿದ್ಯಾಲಯ ಬಿಟ್ಟ ರಾಸ್ಕೋಲ್ನಿಕೊವ್ ಗೂಡಿನಂಥ ಕೋಣೆಯಲ್ಲಿ ಬಿದ್ದುಕೊಂಡಿದ್ದಾನೆ. ಅವನ ತಲೆಯಲ್ಲಿ ಒಂದು ಸಿದ್ಧಾಂತ ಬೆಳೆದಿದೆ. ಮನುಷ್ಯರಲ್ಲಿ ಎರಡು ಬಗೆ. ಸಾಮಾನ್ಯರು ಕಾನೂನಿಗೆ ತಲೆಬಾಗಬೇಕು. ನೆಪೋಲಿಯನ್‌ನಂಥ ಅಸಾಮಾನ್ಯರಿಗೆ ರಕ್ತ ದಾಟಿ ಹೋಗುವ ಹಕ್ಕಿದೆ. ಅಲ್ಯೋನಾ ಇವಾನೊವ್ನಾ ಎಂಬ ಮುದುಕಿ ಒಡವೆ ಒತ್ತೆ ಇಟ್ಟುಕೊಂಡು ಬಡವರ ರಕ್ತ ಹೀರುತ್ತಾಳೆ. ಅವಳನ್ನು ಮುಗಿಸಿದರೆ ತಪ್ಪೇನು? ಹಾಗೆಂದುಕೊಂಡು ಕೊಡಲಿ ತೆಗೆದುಕೊಂಡು ಹೋಗುತ್ತಾನೆ, ಕೊಲ್ಲುತ್ತಾನೆ. ಇಷ್ಟಾಗುವುದು ಆರು ಭಾಗಗಳ ಕಾದಂಬರಿಯ ಮೊದಲ ಭಾಗದಲ್ಲಿ. ಉಳಿದದ್ದೆಲ್ಲ ಅವನ ಒಳಗಿನ ಬೇಗೆ, ತನಿಖಾಧಿಕಾರಿ ಪೋರ್ಫಿರಿಯ ಜಾಣ ಬೆನ್ನಟ್ಟುವಿಕೆ, ಮನೆಮಂದಿಯ ಹೊಟ್ಟೆಗಾಗಿ ಮೈ ಮಾರಿಕೊಂಡ ಸೋನ್ಯಾಳ ಮುಂದೆ ಅವನ ತಪ್ಪೊಪ್ಪಿಗೆ, ಆಮೇಲೆ ಸೈಬೀರಿಯಾ.

ಇದನ್ನು ಓದಿದವರನ್ನು ಕೇಳಿ ನೋಡಿ, ಒಂದು ದೃಶ್ಯವನ್ನು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ಕೊಲೆ ಆಗಿದೆ. ಬಾಗಿಲ ಒಳಚಿಲಕ ಹಾಕಿಕೊಂಡು ಅವನು ಒಳಗೆ ನಿಂತಿದ್ದಾನೆ. ಹೊರಗೆ ಯಾರೋ ಮೆಟ್ಟಿಲು ಹತ್ತಿ ಬಂದು ಗಂಟೆ ಬಾರಿಸುತ್ತಾರೆ, ಹಿಡಿ ಹಿಡಿದು ಜಗ್ಗುತ್ತಾರೆ. ಚಿಲಕದ ಕೊಂಡಿ ಕುಣಿಯುತ್ತದೆ. ಇನ್ನೊಬ್ಬ ಬರುತ್ತಾನೆ, ಕಾನೂನು ಓದುವ ಹುಡುಗ. ಒಳಗಿಂದ ಚಿಲಕ ಹಾಕಿದೆ ಅಂದರೆ ಒಳಗೆ ಯಾರೋ ಇದ್ದಾರೆ ಎಂದು ಅವನು ತರ್ಕ ಮಾಡುತ್ತಾನೆ. ಒಬ್ಬ ಕಾವಲುಗಾರನನ್ನು ಕರೆತರಲು ಇಳಿಯುತ್ತಾನೆ, ಇನ್ನೊಬ್ಬ ಕಾದು ಕಾದು ಬೇಸತ್ತು ತಾನೂ ಇಳಿಯುತ್ತಾನೆ. ರಾಸ್ಕೋಲ್ನಿಕೊವ್ ಹೊರಬಂದು, ಬಣ್ಣ ಬಳಿಯುವವರು ಆಗತಾನೇ ಬಿಟ್ಟುಹೋದ ಖಾಲಿ ಮನೆಯೊಂದರಲ್ಲಿ ಅವಿತುಕೊಳ್ಳುತ್ತಾನೆ. ಮೇಲೆ ಓಡುವವರ ಹೆಜ್ಜೆ ಸಪ್ಪಳ ಅವನನ್ನು ದಾಟಿ ಹೋಗುತ್ತದೆ.

ಆ ಪುಟಗಳಲ್ಲಿ ನಮ್ಮ ಉಸಿರು ಬಿಗಿಹಿಡಿದಿರುತ್ತದೆ. ಯಾರ ಪರವಾಗಿ? ಕೊಲೆಗಾರನ ಪರವಾಗಿ. ಅವನು ಸಿಕ್ಕಿಬೀಳದಿರಲಿ ಎಂದು ನಾವು ಬಯಸುತ್ತೇವೆ. ನಾನು ಪಾಠ ಹೇಳುವಾಗ ಹುಡುಗ ಹುಡುಗಿಯರು ಇದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದಾರೆ. ದಾಸ್ತೊಯೆವ್‌ಸ್ಕಿ ಈ ಕಥೆಯನ್ನು ಮೊದಲು ಕೊಲೆಗಾರನೇ ಹೇಳುವ ಆತ್ಮನಿವೇದನೆಯಾಗಿ ಬರೆಯಲು ಹೊರಟಿದ್ದ. 1865ರ ನವೆಂಬರಿನಲ್ಲಿ ಬರೆದದ್ದನ್ನು ಸುಟ್ಟುಹಾಕಿ, ಹೊರಗಿನ ನಿರೂಪಕನನ್ನು ಇಟ್ಟುಕೊಂಡು ಮತ್ತೆ ಶುರುಮಾಡಿದ. ಆದರೆ ಆ ನಿರೂಪಕ ರಾಸ್ಕೋಲ್ನಿಕೊವ್‌ನ ಹೆಗಲಿಗೆ ಅಂಟಿಕೊಂಡೇ ನಡೆಯುತ್ತಾನೆ. ಓದುಗನಿಗೂ ಬೇರೆ ಕಣ್ಣು ಸಿಗುವುದಿಲ್ಲ. ನಾವು ಅವಳನ್ನು ಮರೆಯುವುದು ಶುರುವಾಗುವುದೂ ಇಲ್ಲಿಂದಲೇ.

ಮೊದಲ ಓದುಗರ ಜಗಳ ಮಾತ್ರ ಬೇರೆಯೇ ಆಗಿತ್ತು. ‘ಸೊವ್ರೆಮೆನ್ನಿಕ್’ ಪತ್ರಿಕೆಯ ಗ್ರಿಗೊರಿ ಎಲಿಸೆಯೆವ್, ಇದು ವಿದ್ಯಾರ್ಥಿ ಸಮುದಾಯದ ಮೇಲೆ ಹೊರಿಸಿದ ಅಪವಾದ ಎಂದು ಹರಿಹಾಯ್ದ. ಆ ಸಿಟ್ಟಿಗೆ ಕಾರಣವಿತ್ತು. ಸುಧಾರಣೆ ಬೇಡುತ್ತಿದ್ದ ವಿದ್ಯಾರ್ಥಿಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿದ್ದ ಕಾಲ ಅದು. ಅದೇ ವರ್ಷದ ಏಪ್ರಿಲ್ 4ರಂದು, ವಿಶ್ವವಿದ್ಯಾಲಯದಿಂದ ಹೊರಬಿದ್ದ ಕರಕೋಜೊವ್ ಎಂಬ ತರುಣ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನ ಮೇಲೆ ಗುಂಡು ಹಾರಿಸಿದ. ಗುರಿ ತಪ್ಪಿತು. ಅವನನ್ನು ನೇಣಿಗೆ ಹಾಕಿದರು, ‘ಸೊವ್ರೆಮೆನ್ನಿಕ್’ ಪತ್ರಿಕೆಯನ್ನು ಮುಚ್ಚಿಸಿದರು. ಕಾದಂಬರಿ ಇನ್ನೂ ಅರ್ಧ ದಾರಿಯಲ್ಲಿತ್ತು. ಇಂಥ ಗಾಳಿಯಲ್ಲಿ ಕೂತು ಓದುವವರಿಗೆ ರಾಸ್ಕೋಲ್ನಿಕೊವ್ ಬರೀ ಪಾತ್ರವಾಗಿ ಕಾಣಲು ಹೇಗೆ ಸಾಧ್ಯ? ಸ್ತ್ರಾಖೊವ್ ಮರುವರ್ಷ ಇದನ್ನು ಬೇರೆ ರೀತಿಯಲ್ಲಿ ಕಂಡ. ಅಲ್ಲಿಯವರೆಗೆ ಕಾದಂಬರಿಗಳು ಹಳೆಯ ನಂಬಿಕೆಗಳನ್ನೆಲ್ಲ ತಳ್ಳಿಹಾಕುವ ನಿಹಿಲಿಸ್ಟ್ ತರುಣರನ್ನು ಹಾಸ್ಯ ಮಾಡುತ್ತಿದ್ದವು. ಇಲ್ಲಿ ಲೇಖಕ ಅವನಿಗಾಗಿ ಮರುಗುತ್ತಿದ್ದಾನೆ ಎಂದು ಬರೆದ. ತನ್ನನ್ನು ಅರ್ಥ ಮಾಡಿಕೊಂಡವನು ಇವನೊಬ್ಬನೇ ಎಂದು ದಾಸ್ತೊಯೆವ್‌ಸ್ಕಿ ಹೇಳಿದನಂತೆ.

ಆ ಕಾಲದ ಓದುಗರಲ್ಲಿ ನನ್ನನ್ನು ಅತಿಯಾಗಿ ಕಾಡುವವನು ದ್ಮಿತ್ರಿ ಪಿಸಾರೆವ್. ಅವನೂ ಇಪ್ಪತ್ತರ ಹರೆಯದವನೇ. ಸರ್ಕಾರದ ವಿರುದ್ಧ ಬರೆದದ್ದಕ್ಕೆ ಪೀಟರ್ ಮತ್ತು ಪಾಲ್ ಕೋಟೆಯ ಸೆರೆಮನೆಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಳೆದು, 1866ರ ನವೆಂಬರಿನಲ್ಲಿ ಹೊರಬಂದ. ಮರುವರ್ಷ ಈ ಕಾದಂಬರಿಯ ಬಗ್ಗೆ ‘ಬದುಕಿಗಾಗಿ ಹೋರಾಟ’ ಎಂಬ ದೊಡ್ಡ ಪ್ರಬಂಧವನ್ನು ಪ್ರಕಟಿಸತೊಡಗಿದ. ಲೇಖಕನ ನಂಬಿಕೆಗಳು ತನಗೆ ಬೇಡ, ಅವನು ತೋರಿಸಿದ ಬದುಕು ಸಾಕು ಎಂಬುದು ಅವನ ನಿಲುವು. ರಾಸ್ಕೋಲ್ನಿಕೊವ್‌ನ ರೋಗ ಇರುವುದು ತಲೆಯಲ್ಲಲ್ಲ, ಜೇಬಿನಲ್ಲಿ ಎಂದು ಅವನು ವಾದಿಸಿದ. ಹಸಿವು, ಬಾಡಿಗೆ ಬಾಕಿ, ಹರಿದ ಬಟ್ಟೆ, ತಂಗಿ ಯಾರೋ ಶ್ರೀಮಂತನಿಗೆ ಮಾರಾಟವಾಗುತ್ತಿದ್ದಾಳೆಂಬ ಸಂಕಟ, ಇವುಗಳ ನಡುವೆ ಮನುಷ್ಯನ ಸ್ವಾತಂತ್ರ್ಯ ಎಷ್ಟು ಉಳಿದೀತು ಎಂದು ಅಂಕಿ ಅಂಕಿಯಾಗಿ ಲೆಕ್ಕ ಹಾಕಿ ತೋರಿಸಿದ. ಮುಂದಿನ ವರ್ಷ, 27ರ ವಯಸ್ಸಿನಲ್ಲಿ, ರೀಗಾ ಬಳಿಯ ಕಡಲಿನಲ್ಲಿ ಮುಳುಗಿ ತೀರಿಕೊಂಡ.

ಪಿಸಾರೆವ್ ಬರೆದದ್ದರಲ್ಲಿ ನಿಜವಾದ ಕರುಣೆ ಇದೆ. ಬಡತನ ಕಂಡ ದೇಶದವರಾದ ನಮಗೆ ಅದು ತಟ್ಟನೆ ಅರ್ಥವಾಗುತ್ತದೆ. 1958ರಲ್ಲಿ ರಮೇಶ್ ಸೈಗಲ್ ಈ ಕಥೆಯನ್ನು ರಾಜ್ ಕಪೂರ್, ಮಾಲಾ ಸಿನ್ಹಾ ಇದ್ದ ‘ಫಿರ್ ಸುಬಹ್ ಹೋಗೀ’ ಚಿತ್ರವಾಗಿ ಮಾಡಿದಾಗ, ಸಾಹಿರ್ ಲುಧಿಯಾನ್ವಿ ಹಾಡು ಬರೆದು ಖಯ್ಯಾಂ ಸಂಗೀತ ಕೊಟ್ಟಾಗ, ಕಥೆಯ ಭಾರವೆಲ್ಲ ಅದೇ ಕಡೆಗೆ ವಾಲಿತು. ಸೂರಿಲ್ಲದವರ, ಕೂಲಿ ಸಿಗದವರ ನೋವೇ ಅಲ್ಲಿ ಹಾಡಾಯಿತು. ಆ ಹಾಡುಗಳನ್ನು ನಾನು ಇವತ್ತಿಗೂ ಪ್ರೀತಿಯಿಂದ ಕೇಳುತ್ತೇನೆ. ಆದರೆ ಕಾದಂಬರಿಯನ್ನು ಹಾಗೆ ಓದಲು ಬರುವುದಿಲ್ಲ, ಏಕೆಂದರೆ ದಾಸ್ತೊಯೆವ್‌ಸ್ಕಿ ಪಕ್ಕದಲ್ಲೇ ರಜುಮಿಖಿನ್‌ನನ್ನು ನಿಲ್ಲಿಸಿದ್ದಾನೆ. ಅವನೂ ಅಷ್ಟೇ ಬಡವ, ಅವನೂ ಓದು ನಿಲ್ಲಿಸಿದವನು. ಅನುವಾದ ಮಾಡಿ, ಪಾಠ ಹೇಳಿ ಹೊಟ್ಟೆ ಹೊರೆಯುತ್ತಾನೆ, ಗೆಳೆಯನಿಗೂ ಅರ್ಧ ಕೆಲಸ ಕೊಡಲು ಬರುತ್ತಾನೆ. ಮುದುಕಿಯ ಹಣದ ಚೀಲ ಏನಾಯಿತು ನೋಡಿ. ರಾಸ್ಕೋಲ್ನಿಕೊವ್ ಅದನ್ನು ಬಿಚ್ಚಿಯೂ ನೋಡದೆ ಒಂದು ಅಂಗಳದ ಕಲ್ಲಿನಡಿ ಹೂತುಬಿಟ್ಟ. ಅದರಲ್ಲಿ 317 ರೂಬಲ್ ಇತ್ತೆಂಬುದು ಮುಂದೆ ನ್ಯಾಯಾಲಯದಲ್ಲಷ್ಟೇ ಗೊತ್ತಾಗುತ್ತದೆ. ಹಸಿದು ಕೊಂದವನು ಹಣವನ್ನು ಎಣಿಸದೆ ಬಿಟ್ಟಾನೆಯೇ?

ರಷ್ಯಾದ ಹೊರಗೆ ಈ ಪುಸ್ತಕ ದಾಟಿದ್ದು 1880ರ ದಶಕದಲ್ಲಿ, ಜರ್ಮನ್, ಫ್ರೆಂಚ್ ಅನುವಾದಗಳ ಮೂಲಕ. ಇಂಗ್ಲಿಷಿನಲ್ಲಿ 1914ರ ಕಾನ್‌ಸ್ಟನ್ಸ್ ಗಾರ್ನೆಟ್ ಅನುವಾದವೇ ಬಹುಕಾಲ ಚಾಲ್ತಿಯಲ್ಲಿತ್ತು. ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ದಾಸ್ತೊಯೆವ್‌ಸ್ಕಿ ಸಿಕ್ಕಿದ್ದು ಅವಳಿಂದ. ಈಗ ಓ. ಎಲ್. ನಾಗಭೂಷಣ ಸ್ವಾಮಿಯವರ ಶ್ರಮದಿಂದ ಕನ್ನಡದಲ್ಲೇ ಓದಬಹುದು. ಆರ್. ಎಲ್. ಸ್ಟೀವನ್‌ಸನ್, ‘ಟ್ರೆಷರ್ ಐಲೆಂಡ್’ ಬರೆದವನು, ಇದನ್ನು ಫ್ರೆಂಚಿನಲ್ಲಿ ಓದಿದ. 1886ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಈ ಪುಸ್ತಕ ತನಗೆ ಒಂದು ಕಾಯಿಲೆಯಂತೆ ಬಂದು ಹೋಯಿತು ಎಂಬರ್ಥದ ಮಾತು ಹೇಳಿದ್ದಾನೆ. ಹೆನ್ರಿ ಜೇಮ್ಸ್‌ಗೆ ಮಾತ್ರ ಮುಗಿಸಲಾಗಲಿಲ್ಲವಂತೆ. ತುರ್ಗೆನೆವ್ ಮೊದಲ ಭಾಗ ಮೆಚ್ಚಿ ಆಮೇಲೆ ಹೇಸಿದ. ಹೀಗೆ ದೊಡ್ಡವರು ಎರಡು ಪಂಗಡವಾದರು.

ಬೇಡ ಎಂದವರಲ್ಲಿ ಅತ್ಯಂತ ಕಟುವಾದವನು ವ್ಲಾದಿಮಿರ್ ನಬೊಕೊವ್. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರಷ್ಯನ್ ಸಾಹಿತ್ಯ ಕಲಿಸುತ್ತಿದ್ದ ಅವನು ತನ್ನ ಉಪನ್ಯಾಸದಲ್ಲಿ ಒಂದು ದೃಶ್ಯವನ್ನು ಹಿಡಿದು ಝಾಡಿಸಿದ್ದಾನೆ. ನಾಲ್ಕನೆಯ ಭಾಗದಲ್ಲಿ ಸೋನ್ಯಾ ಮೋಂಬತ್ತಿಯ ಬೆಳಕಿನಲ್ಲಿ, ಸತ್ತ ಲಾಜರಸ್ ಎದ್ದು ಬಂದ ಕಥೆಯನ್ನು ಬೈಬಲಿನಿಂದ ಓದಿ ಹೇಳುತ್ತಾಳೆ, ರಾಸ್ಕೋಲ್ನಿಕೊವ್ ಕೇಳುತ್ತಾನೆ. ಕೊಲೆಗಾರ, ಸೂಳೆ, ಪವಿತ್ರ ಗ್ರಂಥ, ಮೂರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ್ದು ಅಗ್ಗದ ತಂತ್ರ ಎಂದ ನಬೊಕೊವ್. ಒಂದು ಅಮಾನುಷ ಹತ್ಯೆಯನ್ನೂ ಹೊಟ್ಟೆಪಾಡಿಗೆ ಮೈ ಮಾರಿಕೊಂಡವಳ ಪಾಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ ಎಂದ. ಈ ಎರಡನೆಯ ಮಾತು ನನಗೆ ಒಪ್ಪಿಗೆ. ಸೋನ್ಯಾಳನ್ನು ಪಾಪಿ ಎಂದು ಕರೆಯಲು ನನ್ನ ಮನಸ್ಸು ಯಾವತ್ತೂ ಒಪ್ಪಿಲ್ಲ. ಅಂದಹಾಗೆ ಈ ದೃಶ್ಯ ಪತ್ರಿಕೆಯ ಸಂಪಾದಕ ಕತ್ಕೊವ್‌ನಿಗೂ ಇರಿಸುಮುರಿಸು ತಂದಿತ್ತು. ಮೊದಲು ಬರೆದದ್ದನ್ನು ತಿರಸ್ಕರಿಸಿ ಲೇಖಕನಿಂದ ತಿದ್ದಿಸಿದ. ಆ ಮೂಲ ರೂಪ ನಮಗೆ ಉಳಿದಿಲ್ಲ.

ಆದರೆ ಅಷ್ಟು ಕಣ್ಣಿಟ್ಟು ಓದುವ ನಬೊಕೊವ್ ಆ ದೃಶ್ಯವನ್ನು ಝಾಡಿಸುವಾಗ ಒಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಪುಸ್ತಕ ಎಲ್ಲಿಂದ ಬಂತು ಎಂದು ರಾಸ್ಕೋಲ್ನಿಕೊವ್ ಕೇಳುತ್ತಾನೆ. ಲಿಜಾವೆತಾ ತಂದುಕೊಟ್ಟಳು ಎನ್ನುತ್ತಾಳೆ ಸೋನ್ಯಾ. ಇಬ್ಬರೂ ಕೂತು ಓದುತ್ತಿದ್ದೆವು, ಮಾತಾಡುತ್ತಿದ್ದೆವು ಎನ್ನುತ್ತಾಳೆ. ಕೇಳುತ್ತಿರುವವನೇ ಅವಳನ್ನು ಕೊಂದವನು ಎಂಬುದು ಸೋನ್ಯಾಗೆ ಇನ್ನೂ ಗೊತ್ತಿಲ್ಲ. ಆ ಕೋಣೆಯಲ್ಲಿರುವವರು ಇಬ್ಬರಲ್ಲ, ಮೂವರು.

ಲಿಜಾವೆತಾ ಯಾರು? ಲೇವಾದೇವಿ ಮುದುಕಿಯ ಮಲತಂಗಿ. ಮೂವತ್ತೈದರ ಆಸುಪಾಸು, ಎತ್ತರದ ಆಳು, ಮಾತು ಕಡಿಮೆ, ಅಕ್ಕನ ಮುಂದೆ ನಡುಗುವವಳು. ಹಗಲೂ ರಾತ್ರಿ ಅಕ್ಕನ ಮನೆಯ ಚಾಕರಿ. ಹಳೆಬಟ್ಟೆ ಮಾರಿಕೊಡುವ ಕೆಲಸ, ಬಂದ ಕಾಸು ಅಕ್ಕನಿಗೆ. ಅಕ್ಕನ ಉಯಿಲಿನಲ್ಲಿ ಕುರ್ಚಿಗಳಂಥ ಸಾಮಾನು ಬಿಟ್ಟರೆ ಇವಳಿಗೆ ಬಿಡಿಗಾಸೂ ಇಲ್ಲ, ದುಡ್ಡೆಲ್ಲ ಮಠಕ್ಕೆ. ಕೊಲೆ ಮಾಡಹೊರಟವನು ಸೆನ್ನಾಯಾ ಸಂತೆಯ ಬಳಿ ಅಂಗಡಿಯವರು ಇವಳನ್ನು ಮರುದಿನ ಸಂಜೆ ಏಳಕ್ಕೆ ಬರಹೇಳುವುದನ್ನು ಕೇಳಿಸಿಕೊಳ್ಳುತ್ತಾನೆ. ಆ ಹೊತ್ತಿಗೆ ಮುದುಕಿ ಒಬ್ಬಳೇ ಇರುತ್ತಾಳೆ ಎಂಬುದು ಅವನ ಲೆಕ್ಕ. ಲಿಜಾವೆತಾ ಮನೆಗೆ ಮರಳುತ್ತಾಳೆ. ಅಕ್ಕನ ಹೆಣದ ಮುಂದೆ ಬಿಳಿಚಿ ನಿಂತಿದ್ದಾಳೆ. ಅವನು ಕೊಡಲಿ ಎತ್ತಿದಾಗ ಅವಳು ಮುಖ ಮುಚ್ಚಿಕೊಳ್ಳುವುದಿಲ್ಲ, ಕಿರುಚುವುದಿಲ್ಲ. ಎಡಗೈಯನ್ನು ಸ್ವಲ್ಪವೇ ಮುಂದೆ ಚಾಚುತ್ತಾಳೆ, ಅವನನ್ನು ಮೆಲ್ಲಗೆ ದೂರ ಸರಿಸುವ ಹಾಗೆ. ಹೊಡೆತ ತಿಂದೇ ಬೆಳೆದವಳಿಗೆ ತನ್ನನ್ನು ಕಾಪಾಡಿಕೊಳ್ಳಬಹುದು ಎಂಬುದೂ ತಿಳಿದಿಲ್ಲ.

ಕೊಲೆಗೆ ಮುಂಚೆ ರಾಸ್ಕೋಲ್ನಿಕೊವ್ ಒಂದು ಪಾನಗೃಹದಲ್ಲಿ ವಿದ್ಯಾರ್ಥಿಯೊಬ್ಬ ಸೇನಾಧಿಕಾರಿಗೆ ಹೇಳುತ್ತಿದ್ದ ಮಾತನ್ನು ಕೇಳಿಸಿಕೊಂಡಿರುತ್ತಾನೆ. ಒಂದು ಕೆಟ್ಟ ಮುದುಕಿಯ ಪ್ರಾಣಕ್ಕೆ ನೂರಾರು ಬದುಕು, ಇದು ಸರಳ ಗಣಿತ ಎನ್ನುತ್ತಾನೆ ಆ ವಿದ್ಯಾರ್ಥಿ. ಈ ಗಣಿತದ ಬಗ್ಗೆ ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ನನ್ನ ತರಗತಿಯಲ್ಲೂ ಪ್ರತಿ ಸಲ ಒಬ್ಬರಾದರೂ ಮುದುಕಿ ಸತ್ತದ್ದರಲ್ಲಿ ನಷ್ಟವೇನಿಲ್ಲ ಎನ್ನುತ್ತಾರೆ. ಅವರನ್ನು ನಾನು ಬೈಯುವುದಿಲ್ಲ, ಆ ಪುಟವನ್ನು ಮತ್ತೆ ಓದಿ ಎನ್ನುತ್ತೇನೆ. ಮುದುಕಿ ಎಷ್ಟು ಕೆಟ್ಟವಳು ಎಂಬುದಕ್ಕೆ ಆ ವಿದ್ಯಾರ್ಥಿ ಕೊಡುವ ಸಾಕ್ಷಿ ಏನು? ಲಿಜಾವೆತಾಳನ್ನು ಹೊಡೆಯುತ್ತಾಳೆ, ಮೊನ್ನೆ ಅವಳ ಬೆರಳು ಕಚ್ಚಿದಳು, ಕತ್ತರಿಸಬೇಕಾಗುವಷ್ಟು ಗಾಯ ಎನ್ನುತ್ತಾನೆ. ಯಾರ ನೋವನ್ನು ಕೊಲೆಯ ಸಮರ್ಥನೆಗೆ ಬಳಸಿಕೊಂಡರೋ ಅವಳೇ ಅದೇ ಕೊಡಲಿಗೆ ಬಲಿಯಾದಳು. ಸಿದ್ಧಾಂತ ಎಲ್ಲಿ ಮುರಿದುಬಿತ್ತು ಎಂದು ಕೇಳಿದರೆ ನಾನು ಬೆರಳಿಡುವುದು ಇಲ್ಲಿಗೆ. ಪೋರ್ಫಿರಿಯ ಜಾಣತನವೂ ಸೋನ್ಯಾಳ ಪ್ರಾರ್ಥನೆಯೂ ಬರುವುದು ಆಮೇಲೆ.

ನಮ್ಮ ಮರೆವನ್ನು ದಾಸ್ತೊಯೆವ್‌ಸ್ಕಿ ಮೊದಲೇ ಕಂಡಿದ್ದ ಎಂಬುದಕ್ಕೆ ಕಾದಂಬರಿಯಲ್ಲೇ ಪುರಾವೆ ಇದೆ. ಜ್ವರದಲ್ಲಿ ಬಿದ್ದ ರಾಸ್ಕೋಲ್ನಿಕೊವ್‌ನ ಹಾಸಿಗೆಯ ಸುತ್ತ ಗೆಳೆಯರು ಕೊಲೆಯ ಸುದ್ದಿ ಮಾತಾಡುತ್ತಿರುತ್ತಾರೆ. ಕೆಲಸದವಳು ನಸ್ತಾಸ್ಯಾ, ಪಾಪ, ಲಿಜಾವೆತಾಳನ್ನೂ ಕೊಂದರಂತೆ, ನಿನ್ನ ಅಂಗಿಗೂ ಅವಳೇ ಹೊಲಿಗೆ ಹಾಕಿದ್ದಳಲ್ಲ ಎನ್ನುತ್ತಾಳೆ. ಅವನು ಗೋಡೆಯ ಕಡೆ ಹೊರಳುತ್ತಾನೆ. ಗೋಡೆಕಾಗದದ ಮೇಲಿನ ಒಂದು ಹೂವಿನ ಎಸಳುಗಳನ್ನು, ಅವುಗಳ ಅಂಚಿನ ಕಚ್ಚುಗಳನ್ನು ದಿಟ್ಟಿಸುತ್ತಾನೆ. ಮೂರನೆಯ ಭಾಗದ ಕೊನೆಯಲ್ಲಿ ಅವನಿಗೇ ಆಶ್ಚರ್ಯವಾಗುತ್ತದೆ: ಲಿಜಾವೆತಾಳನ್ನು ನಾನು ಕೊಂದೇ ಇಲ್ಲವೇನೋ ಎಂಬಂತೆ, ಅವಳ ನೆನಪೇ ಬರುವುದಿಲ್ಲವಲ್ಲ ಏಕೆ? ಮುದುಕಿಯ ಬಗ್ಗೆ ಅವನಿಗೆ ವಾದಗಳಿವೆ. ಅವಳು ಹೇನು, ಅವಳು ಒಂದು ತತ್ವ. ಲಿಜಾವೆತಾಳ ಬಗ್ಗೆ ವಾದವಿಲ್ಲ, ಹಾಗಾಗಿ ನೆನಪಿಗೂ ಜಾಗವಿಲ್ಲ.

ಓದುಗರಾದ ನಾವೂ ಇದನ್ನೇ ಮಾಡಿಕೊಂಡು ಬಂದಿದ್ದೇವೆ. ಬಡತನ ಕೊಂದಿತೇ, ಸಿದ್ಧಾಂತ ಕೊಂದಿತೇ, ದೇವರನ್ನು ಬಿಟ್ಟದ್ದು ಕೊಂದಿತೇ ಎಂದು ಚರ್ಚಿಸುವಾಗ ನಮ್ಮ ಕಣ್ಣಿನ ಮುಂದಿರುವುದು ಮುದುಕಿಯ ಕೊಲೆ. ಪೀಟರ್ಸ್‌ಬರ್ಗಿನ ಗ್ರಜ್ದಾನ್ಸ್ಕಾಯಾ ಬೀದಿಯ 19ನೇ ನಂಬರಿನ ಮನೆಯನ್ನು ರಾಸ್ಕೋಲ್ನಿಕೊವ್ ಇದ್ದ ಮನೆ ಎಂದು ಗುರುತಿಸುತ್ತಾರೆ. ಅಲ್ಲಿಯ ಮೆಟ್ಟಿಲ ಗೋಡೆಗಳ ಮೇಲೆ ಓದುಗರು ಅವನ ಹೆಸರಿಗೆ ಬರೆದು ಹೋಗಿದ್ದಾರೆ. ಕಾದಂಬರಿಯಲ್ಲಿ ಅವನು ಎಣಿಸಿದ 730 ಹೆಜ್ಜೆಗಳನ್ನು ಎಣಿಸುತ್ತ ನಡೆಯುವವರೂ ಇದ್ದಾರೆ. ಆ ಹೆಜ್ಜೆಗಳು ಮುಟ್ಟುವುದು ಮುದುಕಿಯ ಬಾಗಿಲಿಗೆ. ಆ ಅಭಿಮಾನವನ್ನು ನಾನು ಹಗುರಾಗಿ ಕಾಣುವುದಿಲ್ಲ. ಒಂದು ಪಾತ್ರದ ಮನೆಯನ್ನು ಹುಡುಕಿಕೊಂಡು ಹೋಗುವಂತೆ ಮಾಡುವ ಶಕ್ತಿ ಎಷ್ಟು ಪುಸ್ತಕಗಳಿಗಿದೆ?

ರಾಸ್ಕೋಲ್ನಿಕೊವ್ ಬದಲಾಗುವುದೂ ಲಿಜಾವೆತಾಳ ಮೂಲಕವೇ ಎಂಬುದು ನನ್ನ ಓದು. ಸೋನ್ಯಾಳಿಗೆ ಸತ್ಯ ಹೇಳಲು ಬಂದವನು ಬಾಯಲ್ಲಿ ಹೇಳಲಾರ, ಊಹಿಸು ಎನ್ನುತ್ತಾನೆ. ಅವಳಿಗೆ ಹೊಳೆದ ಕ್ಷಣದಲ್ಲಿ ಅವಳ ಮುಖದಲ್ಲಿ ಅವನಿಗೆ ಲಿಜಾವೆತಾಳ ಮುಖ ಕಾಣುತ್ತದೆ. ಅದೇ ಮಗುವಿನ ಹೆದರಿಕೆ, ಹಾಗೆಯೇ ಮುಂದೆ ಬರುವ ಎಡಗೈ. ಆರು ಭಾಗಗಳಲ್ಲಿ ಅವನು ಕೊಲೆಯನ್ನು ಕೊಲೆಯಾಗಿ ನೋಡಿದ್ದು ಆ ಗಳಿಗೆಯಲ್ಲೇ ಇರಬೇಕು. ಪೊಲೀಸರ ಬಳಿ ಹೋಗುವ ದಿನ ಸೋನ್ಯಾ ಅವನ ಕೊರಳಿಗೆ ಮರದ ಶಿಲುಬೆ ಹಾಕುತ್ತಾಳೆ, ತಾನು ತಾಮ್ರದ್ದನ್ನು ಇಟ್ಟುಕೊಳ್ಳುತ್ತಾಳೆ. ತಾಮ್ರದ್ದು ಲಿಜಾವೆತಾಳದು. ಇಬ್ಬರೂ ಹಿಂದೊಮ್ಮೆ ಅದಲುಬದಲು ಮಾಡಿಕೊಂಡಿದ್ದರು. ಕೊಲೆಯ ಹೊತ್ತಿನಲ್ಲಿ ಅದು ಲಿಜಾವೆತಾಳ ಮೈಮೇಲಿತ್ತೇ ಎಂದು ಅವನು ಕೇಳುತ್ತಾನೆ. ಎಷ್ಟೋ ಕಾಲ ಮರೆತಿದ್ದವನು ಈಗ ಅವಳ ಕೊರಳಿನ ಬಗ್ಗೆ ಕೇಳುತ್ತಿದ್ದಾನೆ.

ಕೊನೆಯ ಅಧ್ಯಾಯಗಳ ಬಗ್ಗೆ ಓದುಗರ ದೂರು ಹಳೆಯದು. ಸೈಬೀರಿಯಾದ ಉಪಸಂಹಾರ ಆತುರದ್ದು, ಅವನ ಪರಿವರ್ತನೆ ನಂಬುವಂತಿಲ್ಲ ಎಂದು ಮೊಚುಲ್‌ಸ್ಕಿಯಂಥ ದೊಡ್ಡ ವಿಮರ್ಶಕನೇ ಹೇಳಿದ್ದಾನೆ. ಅದರಲ್ಲಿ ಸತ್ಯವಿದೆ. ಅಲ್ಲಿ ರಾಸ್ಕೋಲ್ನಿಕೊವ್ ಬಹಳ ದಿನ ಪಶ್ಚಾತ್ತಾಪವನ್ನೇ ಪಡುವುದಿಲ್ಲ, ತನ್ನ ತಪ್ಪೆಂದರೆ ತಾಳಲಾರದೆ ಒಪ್ಪಿಕೊಂಡದ್ದು ಎಂದುಕೊಳ್ಳುತ್ತಾನೆ. ದಾಸ್ತೊಯೆವ್‌ಸ್ಕಿ ಓಮ್‌ಸ್ಕ್‌ನ ಸೆರೆಯಲ್ಲಿ ನಾಲ್ಕು ವರ್ಷ ಕೊಲೆಗಾರರ ನಡುವೆಯೇ ಬದುಕಿದ್ದವನು. ಮನಸ್ಸು ಇದ್ದಕ್ಕಿದ್ದಂತೆ ತೊಳೆದುಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಅವನ ದಿಂಬಿನ ಕೆಳಗೆ ಇಟ್ಟ ಪುಸ್ತಕ ಯಾವುದು ಎಂದು ನೋಡಿ. ಸೋನ್ಯಾ ಅಂದು ಓದಿದ ಅದೇ ಪುಸ್ತಕ, ಅಂದರೆ ಲಿಜಾವೆತಾ ತಂದುಕೊಟ್ಟದ್ದು. ಇದನ್ನು ಗಮನಿಸಿ ಓದಿದರೆ ಉಪಸಂಹಾರ ಮೊದಲಿನಷ್ಟು ಅಂಟಿಸಿದಂತೆ ಕಾಣುವುದಿಲ್ಲ.

ನೀವು ಈ ಕಾದಂಬರಿಯನ್ನು ಇನ್ನೂ ಓದಿಲ್ಲವಾದರೆ ಓದಿ, ಓದಿದ್ದರೆ ಆರನೆಯ ಭಾಗದ ಕೊನೆಯ ಪುಟವನ್ನು ಇನ್ನೊಮ್ಮೆ ತೆರೆಯಿರಿ. ಠಾಣೆಯಲ್ಲಿ ಸಿಡುಕ ಅಧಿಕಾರಿ ಇಲ್ಯಾ ಪೆತ್ರೊವಿಚ್‌ನ ಮುಂದೆ ಅವನು ತಪ್ಪು ಒಪ್ಪಿಕೊಳ್ಳುವುದು ಒಂದೇ ಒಂದು ವಾಕ್ಯದಲ್ಲಿ. ಆ ವಾಕ್ಯದಲ್ಲಿ ಲೇವಾದೇವಿ ಮುದುಕಿಗೆ ಹೆಸರಿಲ್ಲ, ಬರೀ ನೌಕರನ ವಿಧವೆ. ಹೆಸರು ಹಿಡಿದು ಅವನು ಹೇಳುವುದು ಲಿಜಾವೆತಾಳನ್ನು.